ಹಳೆಯ ಡೀಸೆಲ್ ಗಾಡಿ ಸ್ಟಾರ್ಟ್ ಆಗದಿದ್ದರೆ: ಬ್ಯಾಟರಿಯಿಂದ ಪಂಪಿನವರೆಗೆ ಹಂತಹಂತದ ತಪಾಸಣೆ

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ಇಂದಿಗೂ ಓಡುತ್ತಿರುವ ಹಳೆಯ ಡೀಸೆಲ್ ಗಾಡಿಗಳಲ್ಲಿ ಟಾಟಾ ಸುಮೋ, ಇಂಡಿಕಾ, ಮಹೀಂದ್ರಾ ಕಮಾಂಡರ್, ಹಳೆಯ ಬೊಲೆರೊ, ಟೊಯೊಟಾ ಕ್ವಾಲಿಸ್ ಹಾಗೂ ಹಳ್ಳಿಗಳಿಂದ ತಾಲ್ಲೂಕು ಕೇಂದ್ರಗಳಿಗೆ ಜನರನ್ನು ತರುವ ಟ್ರ್ಯಾಕ್ಸ್ ಕ್ರೂಸರ್ ಮುಖ್ಯವಾದವು. ಇವುಗಳಲ್ಲಿ ಹೆಚ್ಚಿನವು ಕಂಪ್ಯೂಟರ್ ಇಲ್ಲದ, ಯಾಂತ್ರಿಕ ಡೀಸೆಲ್ ಪಂಪಿನಿಂದ ನಡೆಯುವ ಗಾಡಿಗಳು. ಇಂತಹ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದಾಗ ಅನೇಕ ಗ್ಯಾರೇಜುಗಳಲ್ಲಿ ಮೊದಲು ಕೇಳಿಬರುವ ಮಾತು, "ಪಂಪ್ ಹೋಗ್ಯಾದ್ರಿ ಸಾಹೇಬ್ರ, ಬಿಚ್ಚಬೇಕಾಗ್ತದ" ಎಂಬುದು. ಪಂಪ್ ನಿಜವಾಗಿಯೂ ಕೆಟ್ಟಿರಬಹುದು, ಆದರೆ ಆ ತೀರ್ಮಾನಕ್ಕೆ ಬರುವ ಮೊದಲು ಖರ್ಚಿಲ್ಲದೆ ನೋಡಬಹುದಾದ ಸಂಗತಿಗಳು ಬಹಳ ಇವೆ, ಮತ್ತು ದೋಷವು ಸಾಮಾನ್ಯವಾಗಿ ಅವುಗಳಲ್ಲಿಯೇ ಸಿಗುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಪಂಪಿನ ವಿಚಾರವನ್ನು ಬೇಕೆಂದೇ ಕೊನೆಗೆ ಇಡಲಾಗಿದೆ.

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಪಿಸ್ಟನ್ ಮೇಲೇರುವಾಗ ಸಿಲಿಂಡರಿನ ಗಾಳಿಯನ್ನು ಸುಮಾರು 18ರಿಂದ 22 ಪಟ್ಟು ಒತ್ತುತ್ತದೆ. ಹೀಗೆ ಒತ್ತಿದ ಗಾಳಿ 500 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯುತ್ತದೆ. ಆ ಕಾದ ಗಾಳಿಗೆ ನೋಝಲ್ ಮೂಲಕ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಎಂದರೆ ಗಾಡಿ ಸ್ಟಾರ್ಟ್ ಆಗಲು ಎಂಜಿನ್ ಸಾಕಷ್ಟು ವೇಗವಾಗಿ ತಿರುಗಬೇಕು, ಸರಿಯಾದ ಸಮಯಕ್ಕೆ ಗಾಳಿಯಿಲ್ಲದ ಶುದ್ಧ ಡೀಸೆಲ್ ತಲುಪಬೇಕು ಮತ್ತು ಒತ್ತಿದ ಗಾಳಿಯ ಶಾಖ ಉಳಿಯಬೇಕು. ಮುಂದೆ ಹೇಳಿರುವ ಪ್ರತಿಯೊಂದು ಪರೀಕ್ಷೆಯೂ ಈ ಮೂರರಲ್ಲಿ ಯಾವುದು ತಪ್ಪಿದೆ ಎಂಬುದನ್ನು ಕಂಡುಹಿಡಿಯಲಿಕ್ಕಾಗಿಯೇ ಇದೆ.

ಸೆಲ್ಫ್ ಹೊಡೆಯುವ ಮುನ್ನ

ಕೀಲಿ ತಿರುಗಿಸುವ ಮೊದಲು ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ಬಾನೆಟ್ ಎತ್ತಿದ ಮೇಲೆ ಹತ್ತಿರದಲ್ಲಿ ಯಾರೂ ಬೀಡಿ, ಸಿಗರೇಟು ಹಚ್ಚಬಾರದು. ಡೀಸೆಲ್‌ಗಿಂತಲೂ ಹೆಚ್ಚಿನ ಅಪಾಯ ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಅನಿಲದಿಂದ ಇರುತ್ತದೆ. ಬೇಕಾಗುವ ಸಾಮಾನು ಹೆಚ್ಚೇನಿಲ್ಲ: 10, 12, 13, 14, 17 ಮತ್ತು 19 ನಂಬರ್ ಪಾನಾಗಳು, ಒಂದು ಸ್ಕ್ರೂಡ್ರೈವರ್, ಎರಡು ವೈರ್ ಜೋಡಿಸಿದ 12 ವೋಲ್ಟ್ ಬಲ್ಬು, ಸಾಧ್ಯವಾದರೆ ಒಂದು ಅಗ್ಗದ ಮಲ್ಟಿಮೀಟರ್, ಒಣ ಬಟ್ಟೆ, ಸ್ವಚ್ಛವಾದ ಬಾಟಲಿ ಮತ್ತು ಒಂದೆರಡು ಅಡಿ ಪಾರದರ್ಶಕ ಡೀಸೆಲ್ ಪೈಪು.

ಮೊದಲು ಆಯಿಲ್ ಕಡ್ಡಿಯನ್ನು ಎಳೆದು ನೋಡಬೇಕು. ಆಯಿಲ್ ಮಟ್ಟವು ಮೇಲಿನ ಗುರುತಿಗಿಂತ ಏರಿದ್ದು ಅದರಲ್ಲಿ ಡೀಸೆಲ್ ವಾಸನೆಯಿದ್ದರೆ, ಅಥವಾ ಹಾಲು ಬೆರೆಸಿದ ಚಹಾದಂತಹ ಬಣ್ಣ ಬಂದಿದ್ದರೆ, ಸೆಲ್ಫ್ ಹೊಡೆಯಲೇಬಾರದು. ಮೊದಲನೆಯದು ಎಂಜಿನ್ ಆಯಿಲ್‌ಗೆ ಡೀಸೆಲ್ ಸೇರುತ್ತಿರುವುದರ, ಎರಡನೆಯದು ನೀರು ಸೇರಿರುವುದರ ಗುರುತು. ಮಳೆಗಾಲದಲ್ಲಿ ಹಳ್ಳ ದಾಟುವಾಗ ನೀರಿನಲ್ಲಿಯೇ ಬಂದ್ ಬಿದ್ದ ಗಾಡಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಏರ್ ಫಿಲ್ಟರ್ ಒದ್ದೆಯಾಗಿದ್ದರೆ ಸಿಲಿಂಡರಿನೊಳಗೆ ನೀರು ಹೋಗಿರಬಹುದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು, ಹಾಗಾಗಿ ಬಲವಂತವಾಗಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಂತಹ ಗಾಡಿಯ ಹೀಟರ್ ಪ್ಲಗ್ (ತಣ್ಣನೆಯ ಎಂಜಿನ್ನಿಗೆ ಶಾಖ ಕೊಡುವ ಪ್ಲಗ್) ಅಥವಾ ನೋಝಲ್‌ಗಳನ್ನು ಬಿಚ್ಚಿ, ನೀರು ಹೊರಹೋಗುವಂತೆ ಮಾಡಿದ ನಂತರವೇ ಎಂಜಿನ್ ತಿರುಗಿಸಬೇಕು.

ಡೀಸೆಲ್ ಇದೆಯೇ ಎಂದು ನೋಡುವಾಗ ಮೀಟರಿನ ಮುಳ್ಳನ್ನು ಮಾತ್ರ ನಂಬಬಾರದು. ಹಳೆಯ ಗಾಡಿಗಳಲ್ಲಿ ಟ್ಯಾಂಕಿನ ಫ್ಲೋಟ್ ಸಿಕ್ಕಿಕೊಂಡು ಕಾಲು ಟ್ಯಾಂಕ್ ತೋರಿಸುತ್ತಲೇ ಡೀಸೆಲ್ ಮುಗಿದಿರುವುದು ಅಪರೂಪವೇನಲ್ಲ.

ಸೆಲ್ಫಿನ ಸದ್ದನ್ನು ಕೇಳುವುದು

ಹೆಡ್‌ಲೈಟ್ ಹಾಕಿಕೊಂಡು ಒಮ್ಮೆ ಸೆಲ್ಫ್ ಹೊಡೆದು, ಒಬ್ಬರು ಬೆಳಕನ್ನು ನೋಡಬೇಕು, ಇನ್ನೊಬ್ಬರು ಸದ್ದನ್ನು ಕೇಳಬೇಕು. ಬೆಳಕು ಪೂರ್ತಿ ಕುಗ್ಗಿ "ಟಕಟಕಟಕ" ಎಂಬ ಸದ್ದು ಬಂದರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲವಾಗಿದೆ. ಬೆಳಕು ಹಾಗೆಯೇ ಉಳಿದು ಒಂದೇ ಒಂದು "ಟಕ್" ಕೇಳಿದರೆ ಸೊಲೆನಾಯ್ಡಿನ (ಸೆಲ್ಫ್ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್ಚಿನ) ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು ಅಥವಾ ಸೆಲ್ಫ್ ಮೋಟರಿನ ಕಾರ್ಬನ್ ಸವೆದಿರಬಹುದು. ಸದ್ದೇ ಇಲ್ಲದಿದ್ದರೆ ಕೀಲಿಯ ಸ್ವಿಚ್ಚಿನಿಂದ ಸೊಲೆನಾಯ್ಡಿಗೆ ಬರುವ ತೆಳ್ಳನೆಯ ವೈರನ್ನು ಬಲ್ಬಿನಿಂದ ಪರೀಕ್ಷಿಸಬೇಕು. ಮೋಟರ್ ಗಿರ್ರೆಂದು ತಿರುಗಿಯೂ ಎಂಜಿನ್ ಅಲುಗದಿದ್ದರೆ ಸೆಲ್ಫಿನ ಹಲ್ಲು ಫ್ಲೈವೀಲಿಗೆ ಕಚ್ಚುತ್ತಿಲ್ಲ ಎಂದರ್ಥ.

ಎಂಜಿನ್ ತಿರುಗುತ್ತಿದ್ದರೂ ನಿಧಾನವಾಗಿ, ಏದುಸಿರು ಬಿಡುವಂತೆ ತಿರುಗುವುದು ಹೆಚ್ಚು ಮೋಸಗೊಳಿಸುವ ಸ್ಥಿತಿ. ಪೆಟ್ರೋಲ್ ಗಾಡಿ ಅಷ್ಟಕ್ಕೂ ಸ್ಟಾರ್ಟ್ ಆದೀತು, ಡೀಸೆಲ್ ಗಾಡಿ ಆಗುವುದಿಲ್ಲ. ನಿಧಾನವಾಗಿ ಒತ್ತಿದ ಗಾಳಿಯ ಶಾಖವನ್ನು ಸಿಲಿಂಡರಿನ ತಣ್ಣನೆಯ ಗೋಡೆ ಹೀರಿಕೊಳ್ಳುತ್ತದೆ ಮತ್ತು ಸವೆದ ರಿಂಗುಗಳ ಸಂದಿಯಿಂದ ಒತ್ತಡವೂ ಸೋರುತ್ತದೆ. ಹೀಗಾಗಿ ಡೀಸೆಲ್, ಪಂಪ್, ನೋಝಲ್ ಎಲ್ಲವೂ ಸರಿಯಿದ್ದರೂ ಗಾಡಿ ಹಿಡಿಯುವುದಿಲ್ಲ. ಇಂತಹ ಗಾಡಿಯ ಪಂಪ್ ಬಿಚ್ಚಿಸಿದವರು ಹಣ ಕಳೆದುಕೊಂಡಂತೆಯೇ ಸರಿ.

ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರಬೇಕು, 12.2 ಎಂದರೆ ಅರ್ಧದಷ್ಟೇ ಚಾರ್ಜ್ ಉಳಿದಿದೆ. 12ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಖಾಲಿ ಎಂದೇ ತಿಳಿಯಬೇಕು. ಸೆಲ್ಫ್ ಹೊಡೆಯುವಾಗ ಅದು ಹತ್ತು ವೋಲ್ಟಿನ ಆಸುಪಾಸಿನಲ್ಲಿ ನಿಲ್ಲಬೇಕು, 9.6ಕ್ಕಿಂತ ಇಳಿಯಬಾರದು. ನೀರು ಹಾಕುವ ಬ್ಯಾಟರಿಯಾದರೆ ಹೈಡ್ರೋಮೀಟರಿನಲ್ಲಿ ಪ್ರತಿಯೊಂದು ಸೆಲ್ಲನ್ನೂ ಬೇರೆಬೇರೆಯಾಗಿ ನೋಡಬೇಕು: ತುಂಬಿದ ಸೆಲ್ 1.260ರಿಂದ 1.280 ತೋರಿಸುತ್ತದೆ, ಆರರಲ್ಲಿ ಒಂದು ಮಾತ್ರ ತೀರ ಕೆಳಗಿದ್ದರೆ ಆ ಸೆಲ್ ಸತ್ತಿದೆ ಮತ್ತು ಎಷ್ಟು ಚಾರ್ಜ್ ಮಾಡಿದರೂ ಪ್ರಯೋಜನವಿಲ್ಲ.

ನಮ್ಮ ಭಾಗದ ಬಿಸಿಲು ಬ್ಯಾಟರಿಗೆ ದೊಡ್ಡ ಶತ್ರು. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿಯ ಉಷ್ಣಾಂಶ 40 ಡಿಗ್ರಿ ದಾಟಿದಾಗ ಬ್ಯಾಟರಿಯ ನೀರು ಬೇಗನೆ ಆರುತ್ತದೆ, ಪ್ಲೇಟುಗಳು ಮೇಲೆದ್ದು ಒಣಗುತ್ತವೆ. ಕಾದ ಎಂಜಿನ್ ಸುಲಭವಾಗಿ ತಿರುಗುವುದರಿಂದ ಆ ದೋಷ ಬೇಸಿಗೆಯಲ್ಲಿ ಗೊತ್ತಾಗುವುದಿಲ್ಲ. ಆಯಿಲ್ ಗಟ್ಟಿಯಾಗಿ ಎಂಜಿನ್ ಭಾರವಾಗುವ ಡಿಸೆಂಬರಿನಲ್ಲಿ ಬಯಲಿಗೆ ಬರುತ್ತದೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ಸುಣ್ಣಕಲ್ಲಿನ ನೆಲದ ಬೋರ್‌ವೆಲ್ ನೀರು ಗಡಸು. ಅದರಲ್ಲಿರುವ ಲವಣಗಳು ಪ್ಲೇಟುಗಳನ್ನು ಕೆಡಿಸುತ್ತವೆ.

ಬ್ಯಾಟರಿ ಚೆನ್ನಾಗಿದ್ದೂ ಸೆಲ್ಫ್ ನಿಧಾನವಾಗಿದ್ದರೆ ಟರ್ಮಿನಲ್‌ಗಳನ್ನೂ, ಬ್ಯಾಟರಿಯ ಮೈನಸ್ಸನ್ನು ಎಂಜಿನ್ನಿಗೆ ಜೋಡಿಸುವ ಅರ್ಥಿಂಗ್ ಪಟ್ಟಿಯನ್ನೂ ನೋಡಬೇಕು. ಟರ್ಮಿನಲ್ ಮೇಲೆ ಬೆಳೆದ ಬಿಳಿ ಅಥವಾ ಹಸಿರು ಪುಡಿಯನ್ನು ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆದು, ಒಳಮೈಯನ್ನು ಮರಳು ಕಾಗದದಿಂದ ಉಜ್ಜಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಬೇಕು. ಅರ್ಥಿಂಗ್ ಪಟ್ಟಿಯನ್ನು ಕಣ್ಣಿನಿಂದ ನೋಡಿ ನಿರ್ಧರಿಸಲಾಗದು. ಮಲ್ಟಿಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬೋಳು ಲೋಹಕ್ಕೂ ಹಿಡಿದು ಸೆಲ್ಫ್ ಹೊಡೆಸಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ, ಪಟ್ಟಿ ಅಥವಾ ಅದರ ಬೋಲ್ಟು ತುಕ್ಕು ಹಿಡಿದು ಕರೆಂಟನ್ನು ತಡೆಯುತ್ತಿದೆ. ಹಳೆಯ ಪಟ್ಟಿಯನ್ನು ಬದಲಿಸಿದ ಮಾತ್ರಕ್ಕೆ ಹೊಸ ಸೆಲ್ಫ್ ಹಾಕಿದಷ್ಟು ಚುರುಕಾಗಿ ತಿರುಗುವ ಗಾಡಿಗಳಿವೆ.

ಬೇರೆ ಬ್ಯಾಟರಿಯ ಸಹಾಯ ಪಡೆಯುವುದಾದರೆ ಟ್ರ್ಯಾಕ್ಟರಿನದು ಒಳ್ಳೆಯದು, ಏಕೆಂದರೆ ಅದು 12 ವೋಲ್ಟಿನ ದೊಡ್ಡ ಬ್ಯಾಟರಿ. ಲಾರಿ ಮತ್ತು ಬಸ್ಸುಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್ ಇರುವುದರಿಂದ ಅವುಗಳಿಂದ ವೈರ್ ತರಬಾರದು. ಮೊದಲು ಪ್ಲಸ್‌ನಿಂದ ಪ್ಲಸ್‌ಗೆ ಜೋಡಿಸಿ, ಆಮೇಲೆ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ ಕಪ್ಪು ವೈರ್ ಹಾಕಿ, ಅದರ ಇನ್ನೊಂದು ತುದಿಯನ್ನು ಕೆಟ್ಟ ಬ್ಯಾಟರಿಯ ಕಂಬಕ್ಕೆ ಮುಟ್ಟಿಸದೆ ಎಂಜಿನ್ನಿನ ದಪ್ಪ ಲೋಹಕ್ಕೆ ಕಚ್ಚಿಸಬೇಕು. ಕಿಡಿ ಹಾರಿದರೂ ಬ್ಯಾಟರಿಯಿಂದ ದೂರ ಹಾರಲಿ ಎಂಬುದೇ ಇದರ ಕಾರಣ. ಒಮ್ಮೆಗೆ ಹತ್ತರಿಂದ ಹದಿನೈದು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯದೆ, ಪ್ರತಿ ಬಾರಿಯೂ ನಡುವೆ ಒಂದು ನಿಮಿಷ ಬಿಡಬೇಕು.

ಸೈಲೆನ್ಸರಿನ ಹೊಗೆಯನ್ನು ನೋಡುವುದು

ಎಂಜಿನ್ ಚುರುಕಾಗಿ ತಿರುಗುತ್ತಿದೆ, ಆದರೂ ಹಿಡಿಯುತ್ತಿಲ್ಲ ಎಂದಾದರೆ ಇಡೀ ತಪಾಸಣೆಯ ದಿಕ್ಕನ್ನು ನಿರ್ಧರಿಸುವ ಪರೀಕ್ಷೆ ಇದು. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ, ಆದರೂ ಮಾಡುವವರು ಕಡಿಮೆ. ಒಬ್ಬರು ಹತ್ತು ಸೆಕೆಂಡು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಸೈಲೆನ್ಸರಿನ ಬಾಯಿಯನ್ನು ಗಮನಿಸಬೇಕು. ಹೊಗೆಯೇ ಇಲ್ಲದಿದ್ದರೆ ಸಿಲಿಂಡರಿಗೆ ಡೀಸೆಲ್ ತಲುಪುತ್ತಿಲ್ಲ. ಕಣ್ಣುರಿಸುವ, ಹಸಿ ಡೀಸೆಲ್ ವಾಸನೆಯ ಬಿಳಿ ಹೊಗೆ ಬಂದರೆ ಡೀಸೆಲ್ ತಲುಪುತ್ತಿದೆ, ಆದರೆ ಉರಿಯುತ್ತಿಲ್ಲ. ಆಗ ಹೀಟರ್ ಪ್ಲಗ್, ಕಂಪ್ರೆಷನ್ (ಗಾಳಿಯನ್ನು ಒತ್ತುವ ಬಲ) ಅಥವಾ ಟೈಮಿಂಗ್ (ಡೀಸೆಲ್ ಸಿಂಪಡಿಸುವ ಸಮಯ) ಕಡೆಗೆ ಹೋಗಬೇಕು. ಕಪ್ಪು ಹೊಗೆ ಬಂದು ಎಂಜಿನ್ ಹಿಡಿಯಲು ಒದ್ದಾಡಿದರೆ ಗಾಳಿ ಸಾಲುತ್ತಿಲ್ಲ. ತೊಗರಿ ಕಟಾವಿನ ಕಾಲದ ಹೊಲದ ದಾರಿಗಳಲ್ಲಿ ಅಥವಾ ಸಿಮೆಂಟ್ ಕಾರ್ಖಾನೆಗಳಿರುವ ಸೇಡಂ, ವಾಡಿ ಕಡೆಯಲ್ಲಿ ಓಡಾಡುವ ಗಾಡಿಯಾದರೆ ಏರ್ ಫಿಲ್ಟರ್ ಬಿಚ್ಚಿ ನೋಡಿದರೆ ಸಾಕು, ಉತ್ತರ ಅಲ್ಲಿಯೇ ಸಿಗಬಹುದು.

ಹೊಗೆ ಇಲ್ಲದಿದ್ದರೆ: ಮೊದಲು ಸ್ಟಾಪ್, ಆಮೇಲೆ ಡೀಸೆಲ್

ಹಳೆಯ ಜೀಪ್ ಮಾದರಿಯ ಗಾಡಿಗಳಲ್ಲಿ ಎಂಜಿನ್ ಬಂದ್ ಮಾಡಲು ಎಳೆಯುವ ಸ್ಟಾಪ್ ವೈರ್ ಇರುತ್ತದೆ. ಅದು ತುಕ್ಕು ಹಿಡಿದು ಅರ್ಧಕ್ಕೆ ನಿಂತರೆ ಡ್ಯಾಶ್‌ಬೋರ್ಡಿನ ಗುಂಡಿ ಒಳಗೆ ಹೋದಂತೆ ಕಂಡರೂ ಪಂಪಿನ ಮೇಲಿನ ಸನ್ನೆ ಬಂದ್ ಸ್ಥಾನದಲ್ಲಿಯೇ ಉಳಿದಿರುತ್ತದೆ. ಆದ್ದರಿಂದ ಪಂಪಿನ ಹತ್ತಿರವೇ ಆ ಸನ್ನೆಯನ್ನು ಕೈಯಿಂದ ಪೂರ್ತಿ ಹಿಂದಕ್ಕೆ ತಳ್ಳಿ ನೋಡಬೇಕು.

ಕೀಲಿಯಿಂದಲೇ ಬಂದ್ ಆಗುವ ಗಾಡಿಗಳಲ್ಲಿ ಪಂಪಿನ ಮೇಲೆ ಒಂದೇ ವೈರಿನ ಸ್ಟಾಪ್ ಸೊಲೆನಾಯ್ಡ್ ಇರುತ್ತದೆ. ಕೀಲಿ ಆನ್ ಮಾಡಿದಾಗ ಅದಕ್ಕೆ 12 ವೋಲ್ಟ್ ಬಂದರೆ ಒಳಗಿನ ಕಡ್ಡಿ ಮೇಲೆದ್ದು ಡೀಸೆಲ್ ದಾರಿ ತೆರೆಯುತ್ತದೆ. ಸುತ್ತ ಸದ್ದಿಲ್ಲದಾಗ ಆ ವೈರನ್ನು ಕಳಚಿ ಮತ್ತೆ ಮುಟ್ಟಿಸಿದರೆ ಸಣ್ಣ "ಟಿಕ್" ಕೇಳಿಸಬೇಕು, ಬೆರಳಿಗೂ ಗೊತ್ತಾಗಬೇಕು. ವೈರಿನಲ್ಲಿ ಕರೆಂಟ್ ಇಲ್ಲದಿದ್ದರೆ ಫ್ಯೂಸ್ ನೋಡಬೇಕು, ಇಲಿ ಕಡಿದಿದೆಯೇ ಎಂದೂ ನೋಡಬೇಕು. ಕಾಳಿನ ಚೀಲಗಳ ಪಕ್ಕದಲ್ಲಿ ನಿಲ್ಲುವ ಗಾಡಿಗಳಲ್ಲಿ ಇದು ತೀರ ಸಾಮಾನ್ಯ. ದಾರಿಯಲ್ಲಿ ಸಿಕ್ಕಿಬಿದ್ದಾಗ ಬ್ಯಾಟರಿಯ ಪ್ಲಸ್‌ನಿಂದ ಫ್ಯೂಸ್ ಇರುವ ಒಂದು ವೈರನ್ನು ನೇರವಾಗಿ ಸೊಲೆನಾಯ್ಡಿಗೆ ಕೊಟ್ಟು ಊರು ಸೇರಬಹುದು, ಆದರೆ ಆಗ ಕೀಲಿ ತೆಗೆದರೂ ಎಂಜಿನ್ ಬಂದ್ ಆಗುವುದಿಲ್ಲ, ಆ ವೈರನ್ನೇ ಕಳಚಬೇಕಾಗುತ್ತದೆ.

ಇನ್ನು ಡೀಸೆಲ್. ಫಿಲ್ಟರಿನ ಕೆಳಗಿನ ತಿರುಪನ್ನು ಸಡಿಲಿಸಿ ಒಂದು ಗಾಜಿನ ಲೋಟದಷ್ಟು ಡೀಸೆಲ್ ಹಿಡಿದು, ಹತ್ತು ನಿಮಿಷ ಅಲುಗಾಡಿಸದೆ ಇಡಬೇಕು. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ, ಮಣ್ಣು ಮತ್ತು ತುಕ್ಕು ಕೂಡ ಕಾಣುತ್ತವೆ. ಹೊಲದ ಪಂಪ್‌ಸೆಟ್ಟಿಗೆ ಮತ್ತು ಟ್ರ್ಯಾಕ್ಟರಿಗೆಂದು ಕ್ಯಾನಿನಲ್ಲಿ ಶೇಖರಿಸಿದ ಡೀಸೆಲನ್ನೇ ಗಾಡಿಗೂ ಹಾಕುವ ಮನೆಗಳಲ್ಲಿ ಈ ಪರೀಕ್ಷೆಯನ್ನು ಎಂದಿಗೂ ಬಿಡಬಾರದು. ಬೀದರಿನ ಚಳಿಯಲ್ಲಿ ಡೀಸೆಲ್ ಹೆಪ್ಪುಗಟ್ಟಿದೆ ಎಂದು ಕೆಲವರು ಹೇಳುವುದುಂಟು. ನಮ್ಮಲ್ಲಿ ಅಷ್ಟು ಚಳಿ ಬೀಳುವುದಿಲ್ಲ, ಹಾಗೆ ಕಾಣುವುದು ಸಾಮಾನ್ಯವಾಗಿ ನೀರು ಮತ್ತು ಕೊಳೆ ಸೇರಿ ಫಿಲ್ಟರಿನಲ್ಲಿ ಕಟ್ಟಿಕೊಂಡ ರಾಡಿ.

ಏರ್ ತೆಗೆಯುವುದು

ಡೀಸೆಲ್ ಪೂರ್ತಿ ಮುಗಿದು ಮತ್ತೆ ತುಂಬಿಸಿದಾಗ, ಫಿಲ್ಟರ್ ಬದಲಿಸಿದಾಗ ಅಥವಾ ಯಾವುದಾದರೂ ಪೈಪು ಸಡಿಲವಾದಾಗ ಲೈನಿನಲ್ಲಿ ಏರ್ ಸೇರುತ್ತದೆ. ಪಂಪ್ ಎಷ್ಟು ಒತ್ತಿದರೂ ಗಾಳಿ ಕುಗ್ಗುತ್ತದೆಯೇ ಹೊರತು ನೋಝಲ್ ತೆರೆಯುವಷ್ಟು ಒತ್ತಡ ಹುಟ್ಟುವುದಿಲ್ಲ. ಕೆಲಸ ಕಷ್ಟದ್ದಲ್ಲ, ಆದರೆ ಟ್ಯಾಂಕಿನಿಂದ ನೋಝಲ್ ಕಡೆಗೆ ಅನುಕ್ರಮವಾಗಿ ನಡೆಯಬೇಕು.

ಫಿಲ್ಟರಿನ ತಲೆಯ ಮೇಲೆ ಏರ್ ತೆಗೆಯುವ ಸಣ್ಣ ತಿರುಪು ಮತ್ತು ಅದರ ಹತ್ತಿರದಲ್ಲಿ ಅಥವಾ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನಲ್ಲಿ ಕೈಯಿಂದ ಒತ್ತುವ ಪ್ರೈಮರ್ ಇರುತ್ತದೆ. ತಿರುಪನ್ನು ಒಂದೂವರೆ ಸುತ್ತು ಸಡಿಲಿಸಿ, ಕೆಳಗೆ ಬಟ್ಟೆ ಹಿಡಿದು, ಪ್ರೈಮರನ್ನು ನಿಧಾನವಾಗಿ, ಪೂರ್ತಿ ಒತ್ತಿ ಪೂರ್ತಿ ಬಿಡುತ್ತಾ ಹೋಗಬೇಕು. ಮೊದಲು ಬರಿ ಗಾಳಿಯ ಸುಯ್ಯೆನ್ನುವ ಸದ್ದು ಬರುತ್ತದೆ. ನಂತರ ಬಿಳಿ ನೊರೆ, ಅದರ ಹಿಂದೆ ಬಿಟ್ಟುಬಿಟ್ಟು ಗುಳ್ಳೆಗಳು, ಕೊನೆಗೆ ಎಣ್ಣೆಯಂತೆ ಒಂದೇ ಧಾರೆಯ ತಿಳಿ ಡೀಸೆಲ್. ನೊರೆ ನಿಂತ ತಕ್ಷಣ ನಿಲ್ಲಿಸದೆ ಇನ್ನೂ ಕೆಲವು ಬಾರಿ ಒತ್ತಬೇಕು, ಏಕೆಂದರೆ ಫಿಲ್ಟರಿನ ಮೂಲೆಯಲ್ಲಿ ಕುಳಿತ ಗುಳ್ಳೆ ತಡವಾಗಿ ಬರುತ್ತದೆ. ಪ್ರೈಮರನ್ನು ಒತ್ತಿಹಿಡಿದಿರುವಾಗಲೇ ತಿರುಪನ್ನು ಬಿಗಿ ಮಾಡಬೇಕು. ಬಿಟ್ಟ ಮೇಲೆ ಬಿಗಿ ಮಾಡಿದರೆ ಅದೇ ಸಂದಿಯಿಂದ ಗಾಳಿ ಮತ್ತೆ ಒಳಗೆ ಹೋಗುತ್ತದೆ. ಲೈನ್ ತುಂಬಿದಾಗ ಪ್ರೈಮರ್ ಕೈಗೆ ಗಟ್ಟಿಯಾಗುತ್ತದೆ. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಟ್ಯಾಂಕಿನ ಕಡೆಯಿಂದ ಗಾಳಿ ಎಳೆಯುತ್ತಿದೆ ಅಥವಾ ಪ್ರೈಮರಿನ ವಾಲ್ವೇ ಕೆಟ್ಟಿದೆ.

ಇಷ್ಟಾದ ಮೇಲೂ ಹಿಡಿಯದಿದ್ದರೆ ನೋಝಲ್‌ಗಳಿಗೆ ಹೋಗುವ ಉಕ್ಕಿನ ಪೈಪುಗಳ ನಟ್ಟನ್ನು, ಅದು ಸಾಮಾನ್ಯವಾಗಿ 17 ನಂಬರಿನದು, ನಾಲ್ಕರಲ್ಲಿ ಎರಡು ಕಡೆ ಒಂದು ಸುತ್ತು ಸಡಿಲಿಸಿ, ಆಕ್ಸಿಲರೇಟರ್ ಒತ್ತಿ ಸೆಲ್ಫ್ ಹೊಡೆಸಬೇಕು. ನಟ್ಟಿನ ಬಳಿ ಮೊದಲು ಗುಳ್ಳೆ, ಆಮೇಲೆ ತಾಳಕ್ಕೆ ಸರಿಯಾಗಿ ಚಿಮ್ಮುವ ಡೀಸೆಲ್ ಕಂಡಾಗ ಬಿಗಿ ಮಾಡಿ, ಉಳಿದ ಎರಡಕ್ಕೂ ಹೀಗೆಯೇ ಮಾಡಬೇಕು. ಈ ಹೊತ್ತಿನಲ್ಲಿ ಬೆರಳನ್ನು ಅಡ್ಡ ಹಿಡಿಯಬಾರದು ಮತ್ತು ಕಣ್ಣನ್ನು ಹತ್ತಿರ ಒಯ್ಯಬಾರದು. ನೋಝಲಿನಿಂದ ನೂರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಹೊರಡುವ ಡೀಸೆಲ್ ಚರ್ಮವನ್ನು ಸೀಳಿ ಒಳಹೊಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಹೊಕ್ಕಿದೆ ಎಂದೇ ವೈದ್ಯರಿಗೆ ಹೇಳಬೇಕು.

ಸಂಜೆ ಸರಿಯಿದ್ದು ಬೆಳಿಗ್ಗೆ ಮಾತ್ರ ಹಿಡಿಯದ ಗಾಡಿ

ಈ ದೂರು ಇರುವ ಗಾಡಿಗಳಲ್ಲಿ ಪಂಪಿಗೆ ಹೆಚ್ಚಾಗಿ ಸುಳ್ಳು ಅಪವಾದ ಬರುತ್ತದೆ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ, ಡೀಸೆಲ್ ಹೊರಗೆ ಸೋರದೆ ಗಾಳಿ ಮಾತ್ರ ಒಳಗೆ ಹೋಗುತ್ತದೆ. ರಾತ್ರಿಯಿಡೀ ನಿಂತಾಗ ಡೀಸೆಲ್ ನಿಧಾನವಾಗಿ ಟ್ಯಾಂಕಿಗೆ ಹಿಂದಿರುಗುತ್ತದೆ, ಬೆಳಿಗ್ಗೆ ಪಂಪಿನಲ್ಲಿ ಗಾಳಿಯೇ ಇರುತ್ತದೆ. ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿದರೆ ಇದು ಇನ್ನೂ ಬೇಗ ಆಗುತ್ತದೆ. ಹೊರಗೆ ಒಂದು ಹನಿಯೂ ಬೀಳದಿರುವುದರಿಂದ ಮಿಸ್ತ್ರಿಗಳು ಪೈಪನ್ನು ಅನುಮಾನಿಸುವುದೇ ಇಲ್ಲ.

ಕಂಡುಹಿಡಿಯುವುದು ಸುಲಭ. ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲೇ ಪ್ರೈಮರನ್ನು ಗಟ್ಟಿಯಾಗುವವರೆಗೆ ಒತ್ತಿ, ಆಮೇಲೆ ಕೀಲಿ ತಿರುಗಿಸಬೇಕು. ಗಾಡಿ ತಕ್ಷಣ ಹಿಡಿದರೆ ದೋಷ ಪಂಪಿನಲ್ಲಿಲ್ಲ, ಲೈನಿನಲ್ಲಿದೆ. ಮುಂದೆ, ಫಿಲ್ಟರಿನಿಂದ ಪಂಪಿಗೆ ಹೋಗುವ ರಬ್ಬರ್ ಪೈಪಿನ ಬದಲಿಗೆ ಪಾರದರ್ಶಕ ಪೈಪನ್ನು ಹಾಕಿ ಎಂಜಿನ್ ಓಡಿಸಿದರೆ ಗುಳ್ಳೆಗಳು ಸಾಲಾಗಿ ಹೋಗುವುದು ಕಣ್ಣಿಗೇ ಕಾಣುತ್ತದೆ.

ಇನ್ನೂ ಖಚಿತವಾಗಬೇಕಾದರೆ ಬಾಟಲಿ ಪರೀಕ್ಷೆ ಮಾಡಬೇಕು. ಒಂದು ಲೀಟರ್ ಶುದ್ಧ ಡೀಸೆಲ್ ಇರುವ ಬಾಟಲಿಯನ್ನು ಪಂಪಿಗಿಂತ ಎತ್ತರದಲ್ಲಿ, ಬಾನೆಟ್ಟಿನ ಕೊಂಡಿಗೆ ಕಟ್ಟಿ, ಅದರಿಂದ ಒಂದು ಪೈಪನ್ನು ನೇರವಾಗಿ ಪಂಪಿನ ಒಳದಾರಿಗೆ ಜೋಡಿಸಿ, ಪಂಪಿನಿಂದ ಹಿಂದಿರುಗುವ ಪೈಪನ್ನೂ ಅದೇ ಬಾಟಲಿಗೆ ಬಿಡಬೇಕು. ಬಾಟಲಿ ಮತ್ತು ಪೈಪುಗಳು ಬಿಸಿಯಾಗುವ ಭಾಗಗಳಿಂದಲೂ ತಿರುಗುವ ಫ್ಯಾನಿನಿಂದಲೂ ದೂರವಿರಬೇಕು. ಈಗ ಟ್ಯಾಂಕ್, ಪೈಪುಗಳು, ಫಿಲ್ಟರ್ ಎಲ್ಲವೂ ಲೆಕ್ಕದಿಂದ ಹೊರಗಾದವು. ಬಾಟಲಿಯಿಂದ ಸರಾಗವಾಗಿ ಸ್ಟಾರ್ಟ್ ಆಗುವ ಗಾಡಿಯ ಪಂಪ್ ಬಿಚ್ಚಲು ಯಾರಿಗೂ ಅನುಮತಿ ಕೊಡಬಾರದು. ಹಳೆಯ ರಬ್ಬರ್ ಪೈಪು, ಕ್ಲಿಪ್ಪು ಮತ್ತು ಬೋಲ್ಟಿನ ತಾಮ್ರದ ವಾಷರುಗಳನ್ನು ಬದಲಿಸಿದರೆ ಕೆಲಸ ಮುಗಿಯುತ್ತದೆ. ಒಮ್ಮೆ ಚಪ್ಪಟೆಯಾದ ವಾಷರನ್ನು ಮತ್ತೆ ಹಾಕುವ ಜಿಪುಣತನ ಬೇಡ.

ಬಿಳಿ ಹೊಗೆ ಬಂದರೆ: ಹೀಟರ್ ಪ್ಲಗ್

ಇಂಡಿಕಾ, ಕ್ವಾಲಿಸ್‌ಗಳಂತಹ ಗಾಡಿಗಳಲ್ಲಿ ಡೀಸೆಲ್ ಮೊದಲು ಒಂದು ಸಣ್ಣ ಕೋಣೆಯಲ್ಲಿ ಹೊತ್ತಿಕೊಂಡು ನಂತರ ಸಿಲಿಂಡರಿಗೆ ಹರಡುತ್ತದೆ. ತಣ್ಣನೆಯ ಎಂಜಿನ್ನಿನಲ್ಲಿ ಆ ಕೋಣೆಯ ಗೋಡೆ ಶಾಖವನ್ನು ನುಂಗುವುದರಿಂದ ಹೀಟರ್ ಪ್ಲಗ್ ಬೇಕೇಬೇಕು. ಡೀಸೆಲನ್ನು ನೇರವಾಗಿ ಸಿಲಿಂಡರಿಗೆ ಸಿಂಪಡಿಸುವ ಕೆಲವು ಹಳೆಯ ಎಂಜಿನ್‌ಗಳಲ್ಲಿ ಹೀಟರ್ ಇರುವುದೇ ಇಲ್ಲ, ಅವುಗಳ ಮಾಲೀಕರು ಈ ಭಾಗವನ್ನು ಬಿಡಬಹುದು.

ನಾಲ್ಕೂ ಹೀಟರ್ ಸತ್ತಿದ್ದರೂ ಮೇ ತಿಂಗಳಿನ ಕಲಬುರಗಿಯಲ್ಲಿ ಗಾಡಿ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗಬಹುದು. ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದಲ್ಲಿರುವ ಬೀದರಿನಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ ಇಳಿದಾಗ ಅದೇ ಗಾಡಿ ಹಠ ಹಿಡಿಯುತ್ತದೆ. ಮೀಟರಿನ ಹೀಟರ್ ದೀಪ ಹತ್ತಿ ಆರುತ್ತಿದೆ ಎಂಬ ಕಾರಣಕ್ಕೆ ಪ್ಲಗ್ಗುಗಳು ಸರಿಯಿವೆ ಎಂದು ತಿಳಿಯಬಾರದು, ಏಕೆಂದರೆ ಹಳೆಯ ಗಾಡಿಗಳಲ್ಲಿ ಆ ದೀಪಕ್ಕೆ ಟೈಮರಿನ ಸಂಬಂಧವಿದೆಯೇ ಹೊರತು ಪ್ಲಗ್ಗಿನ ಸಂಬಂಧವಿಲ್ಲ.

ಕೀಲಿ ಆನ್ ಮಾಡಿ ಪ್ಲಗ್ಗುಗಳ ತಲೆಯನ್ನು ಜೋಡಿಸುವ ಪಟ್ಟಿಗೆ ಬಲ್ಬು ಹಿಡಿದಾಗ ಹತ್ತದಿದ್ದರೆ ದಪ್ಪ ಫ್ಯೂಸ್ ಅಥವಾ ರಿಲೇ ಹೋಗಿದೆ. ಹತ್ತಿದರೆ ಕೀಲಿ ತೆಗೆದು, ಪಟ್ಟಿಯನ್ನು ಬಿಚ್ಚಿ, ಬ್ಯಾಟರಿಯ ಪ್ಲಸ್‌ನಿಂದ ಬಂದ ಬಲ್ಬಿನ ಇನ್ನೊಂದು ವೈರನ್ನು ಒಂದೊಂದೇ ಪ್ಲಗ್ಗಿನ ತಲೆಗೆ ಮುಟ್ಟಿಸಬೇಕು. ಬಲ್ಬು ಹತ್ತಿದರೆ ಒಳಗಿನ ತಂತಿ ಇದೆ, ಹತ್ತದಿದ್ದರೆ ತಂತಿ ಕಡಿದಿದೆ. ಮಲ್ಟಿಮೀಟರಿನಲ್ಲಿ ಒಳ್ಳೆಯ ಪ್ಲಗ್ ಒಂದು ಓಮ್‌ನ ಆಸುಪಾಸು ತೋರಿಸುತ್ತದೆ. ಬಿಚ್ಚುವಾಗ ಅವಸರ ಬೇಡ: ವರ್ಷಗಟ್ಟಲೆ ಕುಳಿತ ಪ್ಲಗ್ ಸಿಲಿಂಡರ್ ಹೆಡ್ಡಿನಲ್ಲಿಯೇ ಮುರಿದರೆ ಹೆಡ್ ಇಳಿಸಬೇಕಾದೀತು. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಹಾಕಿ, ಎಂಜಿನ್ ಬೆಚ್ಚಗಿರುವಾಗ ಸ್ವಲ್ಪ ಬಿಚ್ಚಿ ಸ್ವಲ್ಪ ಬಿಗಿದು ಸಡಿಲಿಸಬೇಕು.

ಹೀಟರ್‌ಗಳೆಲ್ಲ ಸರಿಯಿದ್ದೂ ಬಿಳಿ ಹೊಗೆ ನಿಲ್ಲದಿದ್ದರೆ ಕಂಪ್ರೆಷನ್ ಅಳೆಸಬೇಕು. ಒಂದು ಸಿಲಿಂಡರ್ ಮಾತ್ರ ಉಳಿದವುಗಳಿಗಿಂತ ತೀರ ಕಡಿಮೆಯಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆಗೂ, ಎಲ್ಲವೂ ಸಮನಾಗಿ ಇಳಿದಿದ್ದರೆ ರಿಂಗುಗಳ ಸವೆತದ ಕಡೆಗೂ ಗಮನ ಹೋಗಬೇಕು. ಇತ್ತೀಚೆಗೆ ಟೈಮಿಂಗ್ ಬೆಲ್ಟ್ ಹಾಕಿಸಿದ ಗಾಡಿಯಾದರೆ ಅದು ಒಂದು ಹಲ್ಲು ತಪ್ಪಿದೆಯೇ ಎಂದು ಮೊದಲು ನೋಡಬೇಕು.

ಬಿಸಿಯಾದಾಗ ಮಾತ್ರ ಹಿಡಿಯದ ಗಾಡಿ

ಬೆಳಿಗ್ಗೆ ಸುಲಭವಾಗಿ ಸ್ಟಾರ್ಟ್ ಆಗಿ, ಮಧ್ಯಾಹ್ನ ಚಹಾಕ್ಕೆಂದು ನಿಲ್ಲಿಸಿದ ಮೇಲೆ ಹಿಡಿಯದೆ, ಒಂದು ಗಂಟೆ ಬಿಟ್ಟು ತಾನಾಗಿಯೇ ಹಿಡಿಯುವ ಗಾಡಿಯಲ್ಲಿ ಮಾತ್ರ ಪಂಪಿನ ಮೇಲಿನ ಅನುಮಾನ ನ್ಯಾಯವಾದದ್ದು. ವಿತರಕ ಮಾದರಿಯ ಪಂಪಿನ (ಎಲ್ಲ ಸಿಲಿಂಡರುಗಳಿಗೂ ಸರದಿಯಂತೆ ಡೀಸೆಲ್ ಹಂಚುವ ಪಂಪಿನ) ಒಳಗಿನ ಭಾಗಗಳು ಸವೆದಾಗ, ಕಾದು ತೆಳುವಾದ ಡೀಸೆಲ್ ಆ ಸಂದಿಯಿಂದ ಜಾರಿಹೋಗಿ, ಸೆಲ್ಫಿನ ಕಡಿಮೆ ವೇಗದಲ್ಲಿ ನೋಝಲ್ ತೆರೆಯುವ ಒತ್ತಡ ಹುಟ್ಟುವುದಿಲ್ಲ. ಒದ್ದೆ ಬಟ್ಟೆಯನ್ನು ಪಂಪಿನ ಸುತ್ತ ಸುತ್ತಿ, ಹತ್ತು ಹದಿನೈದು ನಿಮಿಷ ಅದನ್ನು ತಣ್ಣಗಿಟ್ಟು ಸೆಲ್ಫ್ ಹೊಡೆದಾಗ ಗಾಡಿ ಹಿಡಿದರೆ ಪಂಪ್ ಸವೆದಿದೆ ಎಂದು ಹೆಚ್ಚುಕಡಿಮೆ ಖಚಿತ. ಕಾದ ಪಂಪಿನ ಮೇಲೆ ಕೊಡದಿಂದ ತಣ್ಣೀರು ಸುರಿಯಬಾರದು. ಒಂದು ಕಡೆ ಒಮ್ಮೆಲೇ ಕುಗ್ಗಿದ ಲೋಹ ಒಳಗೆ ಕಚ್ಚಿಕೊಳ್ಳಬಹುದು. ಕಾದಾಗ ಸೆಲ್ಫೇ ನಿಧಾನವಾಗುವ ಗಾಡಿಗಳೂ ಇರುವುದರಿಂದ, ತಿರುಗುವ ವೇಗ ಬೆಳಗಿನಷ್ಟೇ ಇದೆಯೇ ಎಂಬುದನ್ನು ಮೊದಲು ಗಮನಿಸಬೇಕು.

ಕಾಮನ್ ರೈಲ್ ಗಾಡಿಗಳು

ಕಾಮನ್ ರೈಲ್ ಎಂದರೆ ಹೆಚ್ಚಿನ ಒತ್ತಡದ ಡೀಸೆಲನ್ನು ಒಂದೇ ಕೊಳವೆಯಿಂದ ಎಲ್ಲ ನೋಝಲ್‌ಗಳಿಗೂ ಕೊಡುವ, ಕಂಪ್ಯೂಟರಿನಿಂದ ನಡೆಯುವ ವ್ಯವಸ್ಥೆ. ಅದರೊಂದಿಗೆ 2005ರಿಂದೀಚೆಗೆ ಬಂದ ಇನ್ನೋವಾ, ಸ್ವಿಫ್ಟ್ ಡೀಸೆಲ್ ಮೊದಲಾದವು ಈಗ ಹಳೆಯವೇ ಆಗಿವೆ. ಇವುಗಳಲ್ಲಿ ಬ್ಯಾಟರಿ, ಅರ್ಥಿಂಗ್, ಫಿಲ್ಟರ್ ಮತ್ತು ನೀರಿನ ತಪಾಸಣೆಯನ್ನು ಮೇಲೆ ಹೇಳಿದಂತೆಯೇ ಮಾಡಬಹುದು, ಆದರೆ ನೋಝಲ್ ಪೈಪಿನ ನಟ್ಟನ್ನು ಎಂದಿಗೂ ಸಡಿಲಿಸಬಾರದು. ಅಲ್ಲಿನ ಒತ್ತಡ ಸಾವಿರ ಬಾರ್ ಮೀರುತ್ತದೆ. ಮೀಟರಿನಲ್ಲಿ ಕೀಲಿಯ ಅಥವಾ ಬೀಗದ ಚಿತ್ರದ ದೀಪ ಮಿನುಗುತ್ತಿದ್ದರೆ ಗಾಡಿ ಕೀಲಿಯನ್ನು ಗುರುತಿಸುತ್ತಿಲ್ಲ, ಎರಡನೆಯ ಕೀಲಿಯಿಂದ ನೋಡಬೇಕು. ಮುಂದಿನ ಕೆಲಸ ಸ್ಕ್ಯಾನರ್ ಇರುವವರದು: ಸೆಲ್ಫ್ ಹೊಡೆಯುವಾಗ ರೈಲಿನ ಒತ್ತಡ ಎಷ್ಟು ಏರುತ್ತದೆ, ಕ್ರ್ಯಾಂಕ್ ಸೆನ್ಸಾರ್ ಎಂಜಿನ್ನಿನ ವೇಗವನ್ನು ತೋರಿಸುತ್ತಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳಿದರೆ ಸಾಕು. ಒತ್ತಡ ಏರದಿದ್ದರೆ ಪ್ರತಿ ಇಂಜೆಕ್ಟರಿನಿಂದ ಹಿಂದಿರುಗುವ ಡೀಸೆಲನ್ನು ಬೇರೆಬೇರೆ ಸಣ್ಣ ಬಾಟಲಿಗಳಲ್ಲಿ ಹಿಡಿಸಿ, ಯಾವುದು ಹೆಚ್ಚು ಸೋರುತ್ತಿದೆ ಎಂದು ತೋರಿಸಲು ಹೇಳಬೇಕು.

ಮಾಡಬಾರದ ಎರಡು ಕೆಲಸಗಳು

ಏರ್ ಫಿಲ್ಟರ್ ತೆಗೆದು ಪೆಟ್ರೋಲ್ ಬಟ್ಟೆ ಹಿಡಿಯುವುದು ಅಥವಾ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದು ನಮ್ಮಲ್ಲಿ ರೂಢಿಯಾಗಿದೆ. ಹೀಟರ್ ಪ್ಲಗ್ ಇರುವ ಎಂಜಿನ್ನಿನಲ್ಲಿ ಇದು ನಿಜಕ್ಕೂ ಅಪಾಯ: ಕೆಂಪಗೆ ಕಾದ ಪ್ಲಗ್ಗಿಗೆ ತಗುಲಿ ಪಿಸ್ಟನ್ ಮೇಲೇರುವ ಮೊದಲೇ ಹೊತ್ತಿಕೊಂಡರೆ ರಿಂಗುಗಳು ಮುರಿಯುತ್ತವೆ, ಮುಖಕ್ಕೂ ಬೆಂಕಿ ಬರಬಹುದು.

ಎರಡನೆಯದು ಹಗ್ಗ ಕಟ್ಟಿ ಎಳೆಸುವುದು. ಬ್ಯಾಟರಿ ಮಾತ್ರ ಇಳಿದಿರುವ ಗಾಡಿಯನ್ನು ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡುವುದರಲ್ಲಿ ತಪ್ಪಿಲ್ಲ. ಆದರೆ ಡೀಸೆಲ್ಲೇ ತಲುಪದ ಗಾಡಿಯನ್ನು ಟ್ರ್ಯಾಕ್ಟರಿನಿಂದ ಕಿಲೋಮೀಟರುಗಟ್ಟಲೆ ಎಳೆದರೆ ಡೀಸೆಲಿನ ಜಿಡ್ಡಿನಿಂದಲೇ ನಡೆಯುವ ಪಂಪ್ ಒಣಗಿ ಸವೆಯುತ್ತದೆ, ಹಳೆಯ ಟೈಮಿಂಗ್ ಬೆಲ್ಟ್ ಇದ್ದರೆ ಜಗ್ಗಿದ ಹೊಡೆತಕ್ಕೆ ಹಲ್ಲು ಹಾರುತ್ತದೆ.

ಪಂಪ್ ಬಿಚ್ಚಲೇಬೇಕಾದಾಗ

ಡೀಸೆಲ್ ಪಂಪನ್ನು ಹಳೆಯ ಮಿಸ್ತ್ರಿಗಳು ಇಂದಿಗೂ ಮೈಕೋ ಕಂಪನಿಯ ಹೆಸರಿನಿಂದ ಮೈಕೋ ಪಂಪ್ ಎಂದೇ ಕರೆಯುತ್ತಾರೆ. 1951ರಲ್ಲಿ ಆರಂಭವಾದ, ಬೆಂಗಳೂರಿನ ಆ ಕಂಪನಿ 2008ರಲ್ಲಿ ಬಾಷ್ ಎಂಬ ಹೆಸರು ಪಡೆದರೂ ನಮ್ಮ ಗ್ಯಾರೇಜುಗಳಲ್ಲಿ ಹೆಸರು ಬದಲಾಗಿಲ್ಲ. ಪಂಪನ್ನು ಕ್ಯಾಲಿಬ್ರೇಷನ್ ಯಂತ್ರ (ಪಂಪ್ ಬಿಡುವ ಡೀಸೆಲನ್ನು ಅಳೆದು ಸರಿಹೊಂದಿಸುವ ಯಂತ್ರ) ಇರುವ ಅಂಗಡಿಗೇ ಒಯ್ಯಬೇಕು, ರಸ್ತೆಬದಿಯಲ್ಲಿ ಬಿಚ್ಚಿಸಬಾರದು, ಏಕೆಂದರೆ ಒಳಗಿನ ಭಾಗಗಳ ನಡುವಿನ ಅಂತರ ಮಿಲಿಮೀಟರಿನ ಸಾವಿರದ ಕೆಲವೇ ಭಾಗಗಳಷ್ಟು. ಒಂದು ಕಣ ಮಣ್ಣು ಸಾಕು. ಇಳಿಸುವ ಮೊದಲು ಪಂಪಿನ ಅಂಚು ಮತ್ತು ಎಂಜಿನ್ನಿನ ಮೇಲೆ ಒಂದೇ ನೇರದ ಗೀರು ಎಳೆದು, ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಟೈಮಿಂಗ್ ಕೂರಿಸುವುದು ಸುಲಭವಾಗುತ್ತದೆ. ಬಿಚ್ಚಿದ ಪೈಪುಗಳ ಬಾಯಿಗೆ ಸ್ವಚ್ಛವಾದ ಪ್ಲಾಸ್ಟಿಕ್ ಕಟ್ಟಬೇಕು. ಹಳೆಯ ಭಾಗಗಳನ್ನು ಮರಳಿ ಕೊಡಬೇಕೆಂದು ಮೊದಲೇ ಹೇಳಬೇಕು, ಯಂತ್ರದ ಮೇಲೆ ಅಳೆದ ಅಂಕಿಗಳನ್ನು ಬರೆಸಿಕೊಳ್ಳಬೇಕು.

ಮರಳಿ ಜೋಡಿಸುವಾಗ ಬಾಷ್ ಮಾದರಿಯ ವಿತರಕ ಪಂಪಿನ ಒಂದು ವಿಷಯ ನೆನಪಿರಬೇಕು. ಡೀಸೆಲ್ ಹಿಂದಿರುಗುವ ಪೈಪಿನ ಬೋಲ್ಟಿನ ತಲೆಯ ಮೇಲೆ "ಔಟ್" ಎಂದು ಇಂಗ್ಲಿಷಿನಲ್ಲಿ ಕೆತ್ತಿರುತ್ತದೆ ಮತ್ತು ಅದರೊಳಗೆ ಸೂಜಿ ಗಾತ್ರದ ರಂಧ್ರ ಮಾತ್ರ ಇರುತ್ತದೆ. ಒಳದಾರಿಯ ಬೋಲ್ಟೂ ಅಳತೆಯಲ್ಲಿ ಇದರಂತೆಯೇ ಇರುವುದರಿಂದ ಎರಡೂ ಅದಲುಬದಲಾಗುವುದುಂಟು; ಹಾಗಾದರೆ ರಿಪೇರಿಯಾದ ಪಂಪಿಗೂ ಡೀಸೆಲ್ ಸಾಲದೆ ಗಾಡಿ ಹಿಡಿಯುವುದಿಲ್ಲ. ಬೋಲ್ಟುಗಳು ಅವುಗಳ ಜಾಗದಲ್ಲಿವೆ ಎಂದು ಖಚಿತಪಡಿಸಿಕೊಂಡು, ಪಂಪಿನೊಳಗೆ ಶುದ್ಧ ಡೀಸೆಲ್ ತುಂಬಿಸಿ, ಮೊದಲಿನಿಂದ ಏರ್ ತೆಗೆದು ಸ್ಟಾರ್ಟ್ ಮಾಡಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಇದೆಯೇ ಎಂದು ಅಳೆದು, ಬಿಚ್ಚಿದ ಪ್ರತಿಯೊಂದು ನಟ್ಟನ್ನೂ ಒಣ ಬಟ್ಟೆಯಿಂದ ಒರೆಸಿ, ಹತ್ತು ನಿಮಿಷದ ನಂತರ ಎಂಜಿನ್ ಬಂದ್ ಮಾಡಿ ಅಲ್ಲಿ ಡೀಸೆಲ್ ಜಿನುಗಿದೆಯೇ ಎಂದು ನೋಡಬೇಕು. ಮರುದಿನ ಬೆಳಿಗ್ಗೆ ಪ್ರೈಮರ್ ಮುಟ್ಟದೆಯೇ ಸ್ಟಾರ್ಟ್ ಆದ ಮೇಲಷ್ಟೇ ಮಿಸ್ತ್ರಿಗೆ ಬಾಕಿ ಹಣ ಕೊಡಬೇಕು.